ಹಸಿರು ಜೋಳಿಗೆ ಹೊತ್ತ ಹುಳ

ನಮ್ಮಣ್ಣ ಬೇರೆಯವರ ತೂತು ಮುಚ್ಚಿ ಬದುಕಿದವನು. ತಪ್ಪು ತಿಳಿಯಬೇಡಿ, ಬಟ್ಟೆಯ ತೂತು. ಅವನ ಕಸುಬು ರಫು. ಕೋಟು, ಶಾಲು, ಸ್ವೆಟರು ಎಲ್ಲಿ ಹರಿದಿದೆಯೋ, ಎಲ್ಲಿ ಹುಳ ತಿಂದಿದೆಯೋ, ಎಲ್ಲಿ ಸಿಗರೇಟಿನ ಕಿಡಿ ಬಿದ್ದಿದೆಯೋ ಅಲ್ಲಿ ಅದೇ ಬಣ್ಣದ ಎಳೆ ಹುಡುಕಿ, ಸೂಜಿಯಲ್ಲೇ ಮತ್ತೆ ನೇಯ್ದು, ಬಟ್ಟೆಯ ಯಜಮಾನನಿಗೇ ಜಾಗದ ಗುರುತು ಸಿಗದ ಹಾಗೆ ಮಾಡಿಬಿಡುತ್ತಾನೆ. ಈ ಕೆಲಸದ ಶನಿ ಏನೆಂದರೆ, ಚೆನ್ನಾಗಿ ಮಾಡಿದಷ್ಟೂ ಮಾಡಿದ್ದು ಕಾಣುವುದಿಲ್ಲ. ಮೂವತ್ತು ವರ್ಷದಲ್ಲಿ ಅವನನ್ನು ಯಾರೂ ಹೊಗಳಿದ್ದು ನಾನು ಕೇಳಿಲ್ಲ. ಹೊಗಳುವುದಕ್ಕೆ ಏನಾದರೂ ಕಾಣಬೇಕಲ್ಲ!

ನಾನು ಅವನ ತಂಗಿ. ಅದೇ ಮಳಿಗೆಯಲ್ಲಿ ಇಸ್ತ್ರಿ ಮಾಡುತ್ತೇನೆ. ನಲವತ್ತು ಮಳಿಗೆಗಳ ಕಟ್ಟಡದಲ್ಲಿ ನಮ್ಮದು ಮೆಟ್ಟಿಲ ಕೆಳಗಿನದು. ಒಂದು ಕಡೆ ನಿಂತರೆ ತಲೆ ತಾಗುತ್ತದೆ. ತಲೆ ತಾಗುವ ಕಡೆ ಅಣ್ಣ ಸ್ಟೂಲು ಹಾಕಿಕೊಂಡು ಕೂರುತ್ತಾನೆ, ನಿಲ್ಲುವ ಕಡೆ ನನ್ನ ಇಸ್ತ್ರಿ ಮೇಜು. ನನ್ನ ಬಾಯಿ ಇಸ್ತ್ರಿ ಪೆಟ್ಟಿಗೆಗಿಂತ ಬಿಸಿ ಎಂದು ಸಾಲಿನವರೆಲ್ಲ ಹೇಳುತ್ತಾರೆ. ಹೇಳಲಿ ಬಿಡಿ. ಅಣ್ಣನಂಥವನು ಇರುವ ಕಡೆ ಒಬ್ಬರಿಗಾದರೂ ಬಾಯಿ ಇರಬೇಕು.

ಮಳಿಗೆಯಲ್ಲಿ ನಮ್ಮಿಬ್ಬರ ಜೊತೆ ಮೂರನೆಯದೊಂದಿತ್ತು, ಗಂಟು. ರಫು ಮಾಡಿದ ಪ್ರತಿ ಉಣ್ಣೆ ಬಟ್ಟೆಯ ಒಳಮಡಿಕೆಯಿಂದ ಬೆರಳಗಲದ ತುಂಡು ಕತ್ತರಿಸಿ ಇಟ್ಟುಕೊಳ್ಳುವುದು ನಮ್ಮಪ್ಪನ ಪದ್ಧತಿ. ಮುಂದೆ ಯಾರದೋ ಕೋಟಿಗೆ ಅದೇ ಬಣ್ಣದ ಎಳೆ ಬೇಕಾದರೆ ಅದರಿಂದ ಬಿಡಿಸಿಕೊಳ್ಳಬಹುದು. ಅಪ್ಪ ಕೂಡಿಟ್ಟಿದ್ದು, ಅಣ್ಣ ಕೂಡಿಟ್ಟಿದ್ದು ಎಲ್ಲ ಸೇರಿ ಹಳೇ ಹೊದಿಕೆಯೊಂದರಲ್ಲಿ ಕಟ್ಟಿ ಮೂಲೆಗೆ ಒರಗಿಸಿದ್ದರೆ, ಯಾರೋ ದಪ್ಪನೆಯ ಅತ್ತೆ ಮುನಿಸಿಕೊಂಡು ಕೂತ ಹಾಗೆ ಕಾಣುತ್ತಿತ್ತು. ಸೋಮವಾರ ಸಾಲಿಗೆ ರಜೆ. ಅವತ್ತು ಅಣ್ಣ ಕಟ್ಟಡದ ಹಿಂದೆಯೇ ಇರುವ ನಮ್ಮ ಮನೆಯ ಹಿತ್ತಲಲ್ಲಿ ಚಾಪೆ ಹಾಸಿ, ಒಂದೊಂದೇ ತುಂಡು ಒದರಿ, ಬಿಸಿಲಿಗೆ ಹರವಿ, ಸಂಜೆ ಮತ್ತೆ ಕಟ್ಟಿಡುವನು. ರಜೆಯ ದಿನವೂ ಚಿಂದಿಯ ಸೇವೆ! ನಾನು ಬೈದದ್ದಕ್ಕೆ ಲೆಕ್ಕವಿಲ್ಲ.

ಇಷ್ಟು ಗೊತ್ತಿದ್ದರೆ ಸಾಕು, ಮುಂದಿನದು ಅರ್ಥವಾಗುತ್ತದೆ.

ನಮ್ಮ ತಲೆಯ ಮೇಲೆ, ಅಂದರೆ ಮೆಟ್ಟಿಲು ಹತ್ತಿದ ಮೇಲಿನ ಕೋಣೆಯಲ್ಲಿ, ವರ್ತಕರ ಸಂಘದ ಕಚೇರಿ. ಯಾವ ಮಳಿಗೆ ಯಾರಿಗೆ ಎಂದು ವರ್ಷಕ್ಕೊಮ್ಮೆ ತೀರ್ಮಾನಿಸುವವರು ಅವರೇ. ಸಂಘದ ಅಧ್ಯಕ್ಷರಿಗೆ ಪಾತ್ರೆ ಅಂಗಡಿ. ಅವರಿಗೊಂದು ಬೂದು ಬಣ್ಣದ ಉಣ್ಣೆ ಕೋಟಿದೆ. ಚಳಿಗಲ್ಲ, ಫೋಟೋಕ್ಕೆ. ವರ್ಷದ ಹತ್ತು ತಿಂಗಳು ಅದು ಕಚೇರಿಯಲ್ಲಿ ಅವರ ಕುರ್ಚಿಯ ಹಿಂದಿನ ಮೊಳೆಗೆ ನೇತುಬಿದ್ದು, ಅವರಿಲ್ಲದಾಗ ಅಧ್ಯಕ್ಷತೆ ವಹಿಸುತ್ತಿರುತ್ತದೆ. ವಾರ್ಷಿಕ ಸಭೆ ಹತ್ತಿರ ಬಂತೆಂದು ಇಸ್ತ್ರಿಗೆ ಕಳಿಸಿದರು. ತಗೊಳ್ಳುವಾಗ ಬಿಡಿಸಿ ನೋಡಬೇಕಿತ್ತು. ನೋಡಲಿಲ್ಲ. ಅದು ನನ್ನದೇ ತಪ್ಪು, ಒಪ್ಪಿಕೊಳ್ಳುತ್ತೇನೆ. ಎರಡು ದಿನ ಹಾಗೇ ಮಡಿಚಿಟ್ಟು, ಮೂರನೆಯ ದಿನ ಅವರು ತಗೊಂಡು ಹೋಗಲು ಬಂದು ನಿಂತಿರುವಾಗಲೇ ಮೇಜಿನ ಮೇಲೆ ಹರವಿದೆ. ಕೊರಳಪಟ್ಟಿಯಲ್ಲಿ ಹನ್ನೊಂದು ತೂತು. ಸಾಲದ್ದಕ್ಕೆ ಅದರ ಮಡಿಕೆಯಿಂದ ಅಕ್ಕಿಕಾಳಿನಷ್ಟುದ್ದದ ಕಂದು ಚಿಟ್ಟೆಯೊಂದು ಎದ್ದು, ಅಧ್ಯಕ್ಷರ ಮೂಗಿನ ಮುಂದೆಯೇ ಹಾರಿ, ಕತ್ತಲು ಹುಡುಕಿಕೊಂಡು ನೆಟ್ಟಗೆ ನಮ್ಮ ಗಂಟಿನ ಹಿಂದಕ್ಕೆ ಹೋಯಿತು. ಹಾಳಾದ್ದಕ್ಕೆ ಹೋಗಲು ಬೇರೆ ಜಾಗವೇ ಸಿಗಲಿಲ್ಲ.

"ಓಹೋ, ತವರುಮನೆ ಇಲ್ಲೇ ಅನ್ನಿ!" ಎಂದರು ಅಧ್ಯಕ್ಷರು.

ಅಣ್ಣ ಎದ್ದು ತಲೆ ತಾಗಿಸಿಕೊಂಡು, "ಸ್ವಾಮಿ, ಇದು ಎರಡು ದಿನದಲ್ಲಿ ಆಗೋ ತೂತಲ್ಲ" ಎಂದ.

"ಹುಳ ನಿನ್ನ ಅಂಗಡೀಲಿ ಹಾರಿದ್ದನ್ನ ಕಣ್ಣಾರೆ ಕಂಡಿದೀನಿ ಕಣಯ್ಯ. ಇನ್ನೇನು ಮಾತು?"

ಸಂಜೆಯೊಳಗೆ ನೋಟಿಸು ಬಂತು. ಕಟ್ಟಡದ ಎಲ್ಲ ಬಟ್ಟೆಗಳಿಗೂ ಅಪಾಯ ತಂದಿರುವ ಮಳಿಗೆಯನ್ನು ಏಕೆ ತೆರವು ಮಾಡಿಸಬಾರದು, ಹದಿನೈದು ದಿನದಲ್ಲಿ ಉತ್ತರ ಕೊಡಿ ಎಂದು. ಬೇರೆ ಕಡೆ ಹೋದರೆ ಅಣ್ಣನನ್ನು ಯಾರು ಹುಡುಕಿಕೊಂಡು ಬರುತ್ತಾರೆ? ಬೋರ್ಡು ಕೂಡ ಇಲ್ಲದವನು ಅವನು. "ಮೆಟ್ಟಿಲ ಕೆಳಗಿನವನು" ಎಂಬುದೇ ಅವನ ವಿಳಾಸ.

ವಿಚಾರಣೆಗೆ ಮೂರು ಜನರ ಉಪಸಮಿತಿ ಆಯಿತು. ಅಧ್ಯಕ್ಷರು, ಚಪ್ಪಲಿ ಅಂಗಡಿಯ ಕಾರ್ಯದರ್ಶಿಗಳು, ತಜ್ಞರಾಗಿ ಔಷಧಿ ಅಂಗಡಿಯವರು. ಔಷಧಿ ಅಂಗಡಿಯವರು ಮನುಷ್ಯರ ಔಷಧಿ ಮಾರುವವರು. ಆದರೂ ಬಾಟಲಿಗಳ ನಡುವೆ ಕೂರುತ್ತಾರಾದ್ದರಿಂದ ತಜ್ಞರು. ಮೊದಲ ದಿನ ಅವರು ಸತ್ತ ಚಿಟ್ಟೆಯೊಂದನ್ನು ಕಾಗದದ ಮೇಲಿಟ್ಟು ಬಹಳ ಹೊತ್ತು ನೋಡಿ, ಇದು ದೀಪಕ್ಕೆ ಬರುವ ಹುಳ ಎಂದರು. ದೀಪ ಹಾಕಿ ಕಾದರೆ ಒಂದೂ ಬರಲಿಲ್ಲ. ಮಾರನೆಯ ದಿನ ಇದು ಗೋಧಿಯಲ್ಲಿ ಹುಟ್ಟುವುದು ಎಂದರು. ಗೋಧಿಯ ಮಳಿಗೆಯವನು ಜಗಳಕ್ಕೇ ಬಂದ. ಮೂರನೆಯ ದಿನ, ಇದು ಒಂದು ಬಗೆಯ ದೊಡ್ಡ ಸೊಳ್ಳೆ ಎಂದು ಬರೆದುಕೊಟ್ಟರು. ಅಲ್ಲಿಗೆ ಹುಳುವಿನ ಗುರುತು ಪತ್ತೆಯಾಯಿತು.

ಗುರುತು ಸಿಕ್ಕ ಮೇಲೆ ಬೇಟೆ. ಮೂವರೂ ಸುತ್ತಿದ ಪತ್ರಿಕೆ ಹಿಡಿದು ಕಟ್ಟಡವೆಲ್ಲ ತಿರುಗಿದರು. ಎಷ್ಟು ಹೊಡೆದರು, ಎಲ್ಲಿ ಹೊಡೆದರು, ಯಾರು ಹೊಡೆದರು ಎಂದು ಒಂದು ಪಟ್ಟಿ. ಅಧ್ಯಕ್ಷರ ಹೆಸರಿನ ಮುಂದೆ ಹತ್ತೊಂಬತ್ತು, ಕಾರ್ಯದರ್ಶಿಗಳ ಮುಂದೆ ಹದಿನೆಂಟು. ಕಾರ್ಯದರ್ಶಿಗಳು ಇಪ್ಪತ್ತೆರಡು ಹೊಡೆದದ್ದನ್ನು ನಾನೇ ನೋಡಿದ್ದೆ, ಪಾಪ.

ಅಣ್ಣ ಕೈಯಲ್ಲಿದ್ದ ಶಾಲು ಬಿಟ್ಟು ಹೊರಗೆ ಬಂದು, "ಸ್ವಾಮಿ, ಆ ಚಿಟ್ಟೆಗೆ ತಿನ್ನೋಕೆ ಬಾಯೇ ಇಲ್ಲ. ಮೊಟ್ಟೆ ಇಟ್ಟು ನಾಲ್ಕು ದಿನದಲ್ಲಿ ತಾನಾಗೇ ಸಾಯುತ್ತೆ. ತಿನ್ನೋದು ಅದರ ಮರಿ. ಮರಿ ಹಾರಲ್ಲ, ಕತ್ತಲೇಲಿ ಕೂತಿರುತ್ತೆ" ಎಂದ.

ಕಾರ್ಯದರ್ಶಿಗಳು ತಕ್ಷಣ ಬರೆದುಕೊಂಡರು: 'ಆಪಾದಿತನು ಹುಳುವಿನ ಪರವಾಗಿ ವಾದಿಸಿದನು.'

ಅಯ್ಯೋ ನನ್ನ ಕರ್ಮವೇ! ಒಳಗೆ ಎಳೆದುಕೊಂಡು ಬಂದು ಚೆನ್ನಾಗಿ ಉಗಿದೆ. "ನಿಂಗ್ಯಾಕೋ ಅದರ ಬಾಯಿ ವಿಷಯ? ಮೊದಲು ನಿನ್ನ ಬಾಯಿ ಮುಚ್ಕೊಂಡಿರು!"

"ಇಲ್ಲಿ ಬಾ, ತೋರಿಸ್ತೀನಿ" ಎಂದು ಅವನು ಸ್ಟೂಲಿನ ಕೆಳಗಿನಿಂದ ಗಾಜಿನ ಬಾಟಲಿಯೊಂದನ್ನು ತೆಗೆದ. ಬಾಯಿಗೆ ತೆಳು ಬಟ್ಟೆ ಕಟ್ಟಿತ್ತು. ಒಳಗೆ ನಾಲ್ಕು ಉಣ್ಣೆ ಚೂರು, ಅವುಗಳ ಮೇಲೆ ಏನೋ ಹರಿದಾಡುತ್ತಿತ್ತು. ಹೋದ ವರ್ಷ ಯಾರದೋ ಶಾಲಿನಲ್ಲಿ ಸಿಕ್ಕ ಮರಿಗಳಂತೆ. ಅಂದಿನಿಂದ ಸಾಕುತ್ತಿದ್ದಾನೆ! ಹೊಟ್ಟೆಗೆ ಕಲ್ಲು ಹಾಕುವ ಹುಳಕ್ಕೆ ನನ್ನ ಕಣ್ಣ ಮುಂದೆಯೇ ಬಾಣಂತನ ನಡೆದಿದೆ, ನನಗೆ ಗೊತ್ತೇ ಇಲ್ಲ.

"ಮೂವತ್ತು ವರ್ಷ ಇವು ಮಾಡಿದ ತೂತು ಮುಚ್ಚಿದೀನಿ. ಯಾರು ಮಾಡ್ತಾರೆ ಅಂತ ಒಂದ್ಸಲ ನೋಡಬಾರದೇನೆ?" ಎಂದ.

ಬೈಯುತ್ತಲೇ ನೋಡಿದೆ. ನೋಡುತ್ತಾ, ಅವನು ಹೇಳುವುದನ್ನು ಕೇಳುತ್ತಾ ಬೈಯುವುದು ಮರೆತೆ. ಮೊಟ್ಟೆ ಎಂದರೆ ಉಪ್ಪಿನ ಪುಡಿಯಷ್ಟು. ಅದರಿಂದ ಬಂದ ಮರಿ ಮೊಟ್ಟಮೊದಲು ಮಾಡುವ ಕೆಲಸ ತಿನ್ನುವುದಲ್ಲ, ಹೊಲಿಯುವುದು. ಬಟ್ಟೆಯ ಎಳೆ ಕತ್ತರಿಸಿ, ತನ್ನ ಬಾಯಿಂದ ಬರುವ ರೇಷ್ಮೆಯಲ್ಲಿ ಸೇರಿಸಿ, ಎರಡೂ ಕಡೆ ಬಾಯಿರುವ ಒಂದು ಕೊಳವೆ ಮಾಡಿ ಒಳಗೆ ಸೇರಿಕೊಳ್ಳುತ್ತದೆ. ಹೋದಲ್ಲೆಲ್ಲ ಅದನ್ನು ಎಳೆದುಕೊಂಡೇ ಹೋಗುತ್ತದೆ. ಅದಕ್ಕೇ ಅಣ್ಣ ಅದನ್ನು ಜೋಳಿಗೆಯವನು ಎನ್ನುತ್ತಿದ್ದ. ಮೈ ಬೆಳೆದರೆ ಜೋಳಿಗೆ ಬಿಸಾಡುವುದಿಲ್ಲ. ಪಕ್ಕದಲ್ಲಿ ಸೀಳಿ, ನಡುವೆ ತುಂಡು ಸೇರಿಸಿ ಅಗಲ ಮಾಡಿಕೊಳ್ಳುತ್ತದೆ. ಉದ್ದ ಸಾಲದಿದ್ದರೆ ಎರಡು ತುದಿಗೂ ಸೇರಿಸುತ್ತದೆ. ಹೀಗೆ ತಿಂಗಳುಗಟ್ಟಲೆ ತಿಂದು, ಕೊನೆಗೆ ಯಾವುದೋ ಸಂದಿಯಲ್ಲಿ ಜೋಳಿಗೆ ಅಂಟಿಸಿ, ಬಾಯಿ ಮುಚ್ಚಿ ಮಲಗಿ, ರೆಕ್ಕೆ ಹೊತ್ತು ಹೊರಗೆ ಬರುತ್ತದೆ. ಆಮೇಲೆ ಊಟವಿಲ್ಲ. ಜೊತೆ ಹುಡುಕುವುದು, ಮೊಟ್ಟೆ ಇಡುವುದು, ಸಾಯುವುದು.

"ಕೈಕೆಲಸ ನೋಡು ಅದರದ್ದು. ಹೊಲಿಗೆ ಕಾಣ್ಸುತ್ತಾ?" ಎಂದ ಅಣ್ಣ. ನನ್ನನ್ನು ಹೊಗಳುವಾಗ ಅವನ ದನಿ ಎಂದೂ ಅಷ್ಟು ಮೆತ್ತಗಾದದ್ದಿಲ್ಲ. ಹುಳಕ್ಕೆ ಆಗುತ್ತದೆ.

ಅಷ್ಟರಲ್ಲಿ ಅವನು ಮುಖ್ಯ ಸಂಗತಿ ಹೇಳಿದ. ಒಂದು ಮರಿಗೆ ಮೊದಲು ಕೆಂಪು ಉಣ್ಣೆ ಕೊಟ್ಟು, ಆಮೇಲೆ ಬಿಳಿ ಕೊಟ್ಟಿದ್ದನಂತೆ. ಭೂತಗನ್ನಡಿಯಲ್ಲಿ ನೋಡಿದರೆ ಅದರ ಜೋಳಿಗೆ ನಡುವೆ ಕೆಂಪು, ಎರಡು ತುದಿಗೆ ಬಿಳಿ. ಮೊದಲು ಎಲ್ಲಿ ಬೆಳೆಯಿತೋ ಅಲ್ಲಿಯ ಬಣ್ಣ ನಡುವೆ ಉಳಿಯುತ್ತದೆ. ತಾನು ಹುಟ್ಟಿದ ಮನೆಯನ್ನು ಅದು ಬೆನ್ನ ಮೇಲೆ ಬರೆದುಕೊಂಡೇ ತಿರುಗುತ್ತದೆ. ಹಾಗೆಂದು ಅಣ್ಣ ಒಂದು ಬೆಂಕಿಪೊಟ್ಟಣ ತೆರೆದ. ಅಧ್ಯಕ್ಷರು ಕೋಟು ವಾಪಸು ಒಯ್ಯುವ ಮೊದಲು ಅದರ ಕೊರಳಪಟ್ಟಿಯ ಅಡಿಯಲ್ಲಿ ಸಿಕ್ಕ ಜೋಳಿಗೆ ಅದರೊಳಗಿತ್ತು.

"ಯಾವ ಬಣ್ಣ?" ಎಂದೆ.

"ತುದಿ ಎರಡೂ ಬೂದು, ಕೋಟಿಂದು. ನಡುವೆ ಹಸಿರು."

ನಮ್ಮ ಗಂಟಿನಲ್ಲಿ ಹಸಿರು ಬೇಕಾದಷ್ಟಿತ್ತು. ಅದನ್ನೇ ಹೇಳಿದೆ.

"ಆ ಹಸಿರು ಬೇರೆ, ಈ ಹಸಿರು ಬೇರೆ ಕಣೆ. ನಮ್ಮ ಗಂಟಲ್ಲಿ ಹದಿನಾಲ್ಕು ಹಸಿರಿದೆ. ಇದು ಒಂದಕ್ಕೂ ಸೇರಲ್ಲ. ವಿಚಾರಣೆ ದಿನ ಗಂಟನ್ನೇ ತಗೊಂಡೋಗಿ ಅವರ ಮುಂದೆ ಹರವ್ತೀನಿ. ಪಕ್ಕಪಕ್ಕ ಇಟ್ಟು ನೋಡ್ಲಿ."

ಸೊಳ್ಳೆಗೂ ಚಿಟ್ಟೆಗೂ ವ್ಯತ್ಯಾಸ ಕಾಣದ ಮೂರು ಮಹಾನುಭಾವರ ಮುಂದೆ ಹದಿನಾಲ್ಕು ಹಸಿರು ಹರವುತ್ತಾನಂತೆ! ಅವರಿಗೆ ಹಸಿರೆಂದರೆ ಹಸಿರು. ನನಗೂ ಅಷ್ಟೇ, ಸುಳ್ಳೇಕೆ ಹೇಳಲಿ. ಒಂದು ಹಸಿರು ಕಂಡರೆ ಸಾಕು, ಮಳಿಗೆಗೆ ಬೀಗ ಬೀಳುತ್ತದೆ. ಅವನಿಗೆ ಹೇಳಿ ಹೇಳಿ ಸಾಕಾಯಿತು. "ನಿಜ ಇರೋವಾಗ ಬಚ್ಚಿಡೋದ್ಯಾಕೆ?" ಎಂಬುದೊಂದೇ ಅವನ ಉತ್ತರ. ಜೊತೆಗೆ ನನ್ನೊಳಗೊಂದು ಅನುಮಾನ ಬೇರೆ ಕೊರೆಯುತ್ತಿತ್ತು. ಅಷ್ಟು ಹಳೆಯ ಗಂಟು. ಅದರೊಳಗೇ ಹುಳವಿದ್ದರೆ?

ವಿಚಾರಣೆಯ ಹಿಂದಿನ ದಿನ ಮಧ್ಯಾಹ್ನ ಅಣ್ಣ ಸೂಜಿ ತರಲು ಹೋದ. ನಾನು ಇಸ್ತ್ರಿಯ ಕೆಂಡ ಮಾಡುವ ಹಿತ್ತಲ ಒಲೆಗೆ ಗಂಟು ಬಿಚ್ಚಿ ಸುರಿದೆ. ಉಣ್ಣೆ ಹೊತ್ತಿ ಉರಿಯುವುದಿಲ್ಲ, ಮುದುಡಿ ಮುದುಡಿ ಬೇಯುತ್ತದೆ. ಒಂದೂವರೆ ಗಂಟೆ ಕೋಲಿನಲ್ಲಿ ತಿರುವುತ್ತಾ ಕೂತೆ. ಖಾಲಿ ಹೊದಿಕೆಗೆ ಹಳೇ ಗೋಣಿ ತುರುಕಿ ಮತ್ತೆ ಕಟ್ಟಿ, ಮೂಲೆಗೆ ಒರಗಿಸಿದೆ. ಅಣ್ಣ ಬಂದವನೇ ಮೂಗು ಅರಳಿಸಿ, "ಏನೇ ಇದು, ಕೂದಲು ಸುಟ್ಟ ವಾಸನೆ?" ಎಂದ.

"ಯಾರದೋ ಶಾಲು ಪೆಟ್ಟಿಗೆಗೆ ಅಂಟ್ಕೊಳ್ತು" ಎಂದೆ.

"ಜಾಸ್ತಿ ಸುಡ್ತಾ? ಕೊಡು, ಸರಿ ಮಾಡಿಕೊಡ್ತೀನಿ" ಎಂದ. ಅವನು ಅಂಥವನು.

ಮಾರನೆಯ ದಿನ ಹನ್ನೊಂದಕ್ಕೆ ಮೇಲಿನ ಕೋಣೆಗೆ ಹೋದೆವು. ಉದ್ದದ ಮೇಜು, ಅದರ ಮೇಲೆ ಹಾಸಿದ ಬನಾತು, ಅಂದರೆ ದಪ್ಪ ಉಣ್ಣೆಯ ಬಟ್ಟೆ, ಎಷ್ಟು ಕಾಲದ್ದೋ, ಶಾಯಿ ಚೆಲ್ಲಿ, ಧೂಳು ಕೂತು, ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಅದರ ಮೇಲೆ ಫೈಲುಗಳ ಗುಡ್ಡ. ಗುಡ್ಡದ ಹಿಂದೆ ಮೂರು ತಲೆ. ಅಧ್ಯಕ್ಷರ ಹಿಂದೆ ಮೊಳೆಯ ಮೇಲೆ ಕೋಟು. ಅಣ್ಣ ಬಾಟಲಿ ತೋರಿಸಿದ, ಬೆಂಕಿಪೊಟ್ಟಣ ತೋರಿಸಿದ, ಜೋಳಿಗೆಯ ಕಥೆಯೆಲ್ಲ ಹೇಳಿದ. ಔಷಧಿ ಅಂಗಡಿಯವರು ಭೂತಗನ್ನಡಿಯ ತಪ್ಪು ಕಡೆಯಿಂದ ನೋಡಿ ತಲೆದೂಗಿದರು.

"ಅಂದ್ರೆ ನೀನು ಹುಳ ಸಾಕ್ತಾ ಇದೀಯ ಅಂತ ಒಪ್ಕೊಂಡ ಹಾಗಾಯ್ತು" ಎಂದರು ಕಾರ್ಯದರ್ಶಿಗಳು, ಬರೆಯುತ್ತಾ.

"ಸಾಕ್ತಿದೀನಿ ಸಾರ್. ಆದ್ರೆ ಇದು ನಮ್ಮದಲ್ಲ. ಈ ಹಸಿರು ನಮ್ಮಲ್ಲಿಲ್ಲ. ನೋಡಿ, ನಮ್ಮ ಹಸಿರೆಲ್ಲ ತೋರಿಸ್ತೀನಿ" ಎಂದು ಅಣ್ಣ ನನ್ನ ಕಡೆ ತಿರುಗಿದ. "ಗಂಟು ತಗೊಂಡು ಬಾಮ್ಮ."

ನಾನು ಅಲುಗಲಿಲ್ಲ.

"ಹೋಗು, ಕೆಳಗಿದೆಯಲ್ಲ."

"ಇಲ್ಲ ಅಣ್ಣ. ನಿನ್ನೆ ಸುಟ್ಟುಬಿಟ್ಟೆ."

ಕಾರ್ಯದರ್ಶಿಗಳು ಅದನ್ನೂ ಬರೆದುಕೊಂಡರು. ಆಮೇಲೆ ಅವರು ಸಂತೋಷವನ್ನು ತಡೆಯಲಾರದೆ ಜೋರಾಗಿ ಓದಿದರು: "ಸಾಕ್ಷ್ಯ ನಾಶ!" ಅಧ್ಯಕ್ಷರು, "ಮುಗೀತಲ್ಲಪ್ಪ, ನಿನ್ನ ತಂಗಿಗೇ ನಿನ್ನ ಮೇಲೆ ನಂಬಿಕೆ ಇಲ್ಲ" ಎಂದರು. ನೆಲ ಬಾಯಿ ಬಿಡಬಾರದೇ ಅನಿಸಿತು ನನಗೆ. ಅವನನ್ನು ಉಳಿಸಲು ಹೋಗಿ ನಾನೇ ಕೈಯಾರೆ ಅವನ ಮಳಿಗೆಗೆ ಬೀಗ ಹಾಕಿಸಿದ್ದೆ.

ಅಣ್ಣ ನನ್ನನ್ನು ನೋಡಲಿಲ್ಲ. ಮೇಜಿನ ಅಂಚು ಹಿಡಿದುಕೊಂಡ. ಹಿಡಿದ ಕೈ ಹಾಗೇ ನಿಂತಿತು. ಆ ಬೆರಳುಗಳು ನನಗೆ ಗೊತ್ತು. ಬಟ್ಟೆ ಸಿಕ್ಕಿದರೆ ಅವು ಸುಮ್ಮನಿರುವುದಿಲ್ಲ. ಬನಾತನ್ನು ಎರಡು ಬೆರಳ ನಡುವೆ ಉಜ್ಜಿದ. ನಿಧಾನವಾಗಿ ಅಂಚು ಮಗುಚಿದ. ಬೆಳಕು ಕಾಣದ ಒಳಮಡಿಕೆಯಲ್ಲಿ ಬನಾತು ಹೊಸದರ ಹಾಗೆ ಹಸಿರಾಗಿತ್ತು.

"ಸ್ವಾಮಿ, ಈ ಫೈಲು ಯಾವಾಗ ಎತ್ತಿದ್ರಿ?" ಎಂದು ಕೇಳಿದ.

ಯಾರಿಗೂ ನೆನಪಿರಲಿಲ್ಲ. ಅವು ಪರಿಶೀಲನೆಯಲ್ಲಿದ್ದ ಫೈಲುಗಳು. ಅಣ್ಣ ಬೆಂಕಿಪೊಟ್ಟಣದ ಜೋಳಿಗೆಯನ್ನು ಆ ಒಳಮಡಿಕೆಯ ಮೇಲಿಟ್ಟ. ನಡುವಿನ ಭಾಗ ಬಟ್ಟೆಯಲ್ಲಿ ಕರಗಿದಂತಾಗಿ, ಬೂದು ತುದಿಗಳೆರಡೇ ಉಳಿದವು. ಆಮೇಲೆ ಯಾರನ್ನೂ ಕೇಳದೆ ಫೈಲಿನ ಒಂದು ಗುಡ್ಡ ಎತ್ತಿದ. ಅಡಿಯಲ್ಲಿ ಬಟ್ಟೆಯೇ ಇರಲಿಲ್ಲ. ಜರಡಿಯಂಥ ಬಲೆ, ಅದರ ಮೇಲೆ ನೂರಾರು ಹಸಿರು ಜೋಳಿಗೆಗಳು ಬೆಳಕಿಗೆ ಹೆದರಿ ನಾಲ್ಕೂ ದಿಕ್ಕಿಗೆ ನಡೆಯತೊಡಗಿದವು. ಕೆಲವು ಔಷಧಿ ಅಂಗಡಿಯವರ ಮೊಣಕೈ ಕಡೆ, ಕೆಲವು ಹತರಾದವರ ಪಟ್ಟಿಯ ಮೇಲೆ. ಎರಡು ವಾರ ನಮ್ಮ ವಿಚಾರಣೆ ನಡೆಸಿದ್ದು ಅವುಗಳ ನೆತ್ತಿಯ ಮೇಲೆಯೇ! ಬಟ್ಟೆಯ ಅಂಚು ಅಧ್ಯಕ್ಷರ ಕುರ್ಚಿಗೆ ತಗಲಿಕೊಂಡಿತ್ತು, ಕುರ್ಚಿಯ ಬೆನ್ನು ಕೋಟಿಗೆ; ಮರಿ ನಡೆದುಕೊಂಡೇ ಕೊರಳಪಟ್ಟಿ ಸೇರಬಹುದಿತ್ತು.

ಅಧ್ಯಕ್ಷರು ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ನಿರ್ಣಯ ಹೇಳಿ ಬರೆಸಿದರು. ಅದರ ಪ್ರತಿ ಈಗಲೂ ನನ್ನ ಹತ್ತಿರ ಇದೆ: 'ಉಪಸಮಿತಿಯ ಸತತ ಪರಿಶ್ರಮದಿಂದ ಹುಳುವಿನ ಮೂಲವು ಪತ್ತೆಯಾಗಿದ್ದು, ಸದಸ್ಯರನ್ನು ಅಭಿನಂದಿಸಲಾಯಿತು. ಮೆಟ್ಟಿಲ ಕೆಳಗಿನ ಮಳಿಗೆಯನ್ನು ಸದ್ಯಕ್ಕೆ ಮುಂದುವರಿಸಲಾಯಿತು. ಅಧ್ಯಕ್ಷರ ಕೋಟನ್ನು ವಾರ್ಷಿಕ ಸಭೆಯೊಳಗೆ ಸರಿಪಡಿಸಿಕೊಡತಕ್ಕದ್ದು.' ಅಣ್ಣನ ಮಾತು ಎಲ್ಲೂ ಇಲ್ಲ. ಅವನ ಕೆಲಸದ ಹಾಗೆಯೇ ಅದೂ ಕಾಣದ ಹಾಗೆ ಸೇರಿಹೋಗಿತ್ತು.

ಮಳಿಗೆ ಉಳಿಯಿತು. ಮೆಟ್ಟಿಲು ಇಳಿದು ಬಂದೆವು. ಅಣ್ಣ ಮೂಲೆಗೆ ಹೋಗಿ ಗಂಟು ಬಿಚ್ಚಿ ನೋಡಿದ, ಗೋಣಿ ಹೊರಗೆ ಬಂತು. ಸ್ಟೂಲಿನ ಮೇಲೆ ಕೂತ.

"ನಿನ್ನ ಒಳ್ಳೇದಕ್ಕೇ ಮಾಡಿದ್ದು ಕಣೋ. ಅದರಲ್ಲಿ ಹುಳ ಇದ್ದಿದ್ರೆ?" ಎಂದೆ.

"ಪ್ರತಿ ಸೋಮವಾರ ಒದರಿ ಬಿಸಿಲಿಗೆ ಹಾಕ್ತಿದ್ನಲ್ಲೇ" ಎಂದ ಅವನು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಮುಟ್ಟೋರಿಲ್ಲದ ಕಡೆ ಮಾತ್ರ ಅದು ಬೆಳೆಯೋದು. ನೀನು ಪಕ್ಕದಲ್ಲೇ ನಿಂತು ನೋಡ್ತಿದ್ಯಲ್ಲ."

ನೋಡುತ್ತಿದ್ದೆ. ನೋಡಿ ನೋಡಿ ಬೈಯುತ್ತಿದ್ದೆ. ಬಾಯಿಲ್ಲದ ಚಿಟ್ಟೆಯನ್ನು ಪತ್ರಿಕೆಯಲ್ಲಿ ಹೊಡೆದವರನ್ನು ಕಂಡು ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೆನಲ್ಲ, ನಾನು ಮಾಡಿದ್ದು ಇನ್ನೇನು? ಅಪ್ಪನ ಕೈ ಮುಟ್ಟಿದ ತುಂಡುಗಳವು. ಸೆರಗು ಬಾಯಿಗೆ ತುರುಕಿಕೊಂಡು ಇಸ್ತ್ರಿ ಮೇಜಿನ ಕಡೆ ತಿರುಗಿ ನಿಂತು ಅತ್ತೆ. ನಲವತ್ತು ಮಳಿಗೆಯಲ್ಲಿ ಯಾರೂ ನನ್ನ ಅಳು ಕಂಡವರಿಲ್ಲ, ಅವತ್ತೂ ಕಾಣಲಿಲ್ಲ.

ಅಣ್ಣ ಕೋಟಿನ ಕೆಳಮಡಿಕೆ ಬಿಚ್ಚಿ, ಅದರ ಎಳೆಯಿಂದಲೇ ಹನ್ನೊಂದು ತೂತನ್ನೂ ಆರು ದಿನದಲ್ಲಿ ಮುಚ್ಚಿದ. ಅಧ್ಯಕ್ಷರು ಕೊರಳಪಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿ, "ಅಂಥದ್ದೇನೂ ತೂತಾಗಿರಲಿಲ್ಲ ಅಂತ ಕಾಣುತ್ತೆ" ಎಂದು ತೊಟ್ಟುಕೊಂಡು ಹೋದರು.

ಒಳಮಡಿಕೆಯಿಂದ ಕತ್ತರಿಸಿದ ಬೆರಳಗಲದ ಬೂದು ತುಂಡೊಂದು ಅಣ್ಣನ ಸ್ಟೂಲಿನ ಮೇಲೆ ಉಳಿದಿತ್ತು. ಹೊದಿಕೆಯಿಂದ ಗೋಣಿ ತೆಗೆದು ಹಾಕಿ, ಆ ಒಂದು ತುಂಡನ್ನು ಅದರಲ್ಲಿಟ್ಟು ಕಟ್ಟಿದೆ. ಅವನು ನೋಡುತ್ತಿದ್ದ. ಸೋಮವಾರ ಬೆಳಿಗ್ಗೆ ಅವನು ಏಳುವ ಮೊದಲೇ ಹಿತ್ತಲಲ್ಲಿ ಚಾಪೆ ಹಾಸಿ, ಆ ತುಂಡನ್ನು ಚೆನ್ನಾಗಿ ಒದರಿ, ನಡುವೆ ಇಟ್ಟು, ಬಿಸಿಲು ಬರುವುದನ್ನು ಕಾಯುತ್ತಾ ಕೂತೆ.